ಗಿರಾಕಿ ಕಾಶಿಯಲ್ಲಿ, ಬಳಸುವವರು ಹಾವೇರಿಯಲ್ಲಿ

ಕಾಶಿ ವಿಶ್ವನಾಥನ ಮಂಗಳಾ ಆರತಿ ನಡೆಯುವುದು ಬೆಳಗಿನ ಜಾವ ಮೂರರ ಹೊತ್ತಿಗೆ. ಅದಕ್ಕೆ ಮೊಬೈಲಿನಲ್ಲಿ ಟಿಕೆಟ್ ಕಾಯ್ದಿರಿಸಲು ಕೂತವರಿಗೆ ಒಂದು ಗೊಂದಲ ಎದುರಾಗುತ್ತದೆ. ಬುಧವಾರ ರಾತ್ರಿ ಊಟ ಮುಗಿಸಿ, ಒಂದು ಕೋಳಿನಿದ್ದೆ ತೆಗೆದು, ಒಂದೂವರೆಗೆ ಎದ್ದು ಸ್ನಾನ ಮಾಡಿ ಹೊರಡುವವರು ಕ್ಯಾಲೆಂಡರಿನಲ್ಲಿ ಯಾವ ಚೌಕ ಒತ್ತಬೇಕು? ಪಂಚಾಂಗದ ಲೆಕ್ಕದಲ್ಲಿ ಸೂರ್ಯ ಹುಟ್ಟುವವರೆಗೂ ಬುಧವಾರವೇ. ಕಂಪ್ಯೂಟರಿನ ಲೆಕ್ಕದಲ್ಲಿ ಹನ್ನೆರಡು ಹೊಡೆದರೆ ಗುರುವಾರ. ತಪ್ಪಿ ಬುಧವಾರವನ್ನು ಒತ್ತಿದವರು ಬಾಗಿಲಿಗೆ ಬರುವಷ್ಟರಲ್ಲಿ ಅವರ ಟಿಕೆಟ್ಟಿನ ಆರತಿ ಮುಗಿದು ಒಂದು ದಿನವಾಗಿರುತ್ತದೆ.

ಇಂಥ ಬುಕಿಂಗ್ ಪುಟ ಕಟ್ಟುವವರು ಕ್ಯಾಲೆಂಡರಿನ ಕೆಳಗೆ ‘ಬುಧವಾರ ರಾತ್ರಿ ಕಳೆದು, ಗುರುವಾರ ನಸುಕಿನ 3 ಗಂಟೆಗೆ’ ಎಂದು ಒಂದು ಸಾಲು ಹಾಕಿದರೆ ಸಾಕು. ಅದಕ್ಕೆ ಕಾಸಿನ ಖರ್ಚಿಲ್ಲ. ಆದರೆ ಆ ಸಾಲು ಬೇಕೆಂದು ಸಾಮಾನ್ಯವಾಗಿ ಯಾವ ಗಿರಾಕಿಯೂ ಕೇಳುವುದಿಲ್ಲ. ಅವರು ಕೇಳುವುದು ಮುಖಪುಟದಲ್ಲಿ ಓಡುವ ಐದು ಚಿತ್ರ, ಇನ್ನಷ್ಟು ದೊಡ್ಡ ಲೋಗೋ, ಪುಟ ತೆರೆದ ಕೂಡಲೇ ಮೊಳಗುವ ಶಂಖನಾದ, ಮಾಲೀಕರ ಭಾವಚಿತ್ರದ ಪಕ್ಕ ‘ನಮ್ಮ ಬಗ್ಗೆ’ ಎಂಬ ಉದ್ದನೆಯ ಬರಹ.

ವೆಬ್‌ಸೈಟ್ ಮಾಡಿಕೊಡುವ ಕಸುಬಿನ ಇಕ್ಕಟ್ಟೆಲ್ಲ ಇಲ್ಲೇ ಇದೆ. ಹಣ ಕೊಡುವವರು ಎದುರಿಗೆ ಕೂತಿರುತ್ತಾರೆ, ಬಳಸುವವರು ಆ ಕೋಣೆಯಲ್ಲೇ ಇರುವುದಿಲ್ಲ. ಒಳ್ಳೆಯ ವಿನ್ಯಾಸದ ನಿಯಮಗಳೆಂದು ಪಟ್ಟಿ ಮಾಡುವುದನ್ನೆಲ್ಲ ಸೋಸಿದರೆ ಉಳಿಯುವುದು ಇಷ್ಟು: ಎದುರಿಗಿಲ್ಲದವರ ವಕಾಲತ್ತು ವಹಿಸಿ ಎದುರಿಗಿರುವವರ ಹತ್ತಿರ ಮಾತಾಡುವುದು. ವಾರಾಣಸಿಯಂಥ ಊರಿನಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಲಾಡ್ಜಿನವರು, ದೋಣಿಯವರು, ಪುರೋಹಿತರು, ಸೀರೆ ವ್ಯಾಪಾರಿಗಳು ಎಲ್ಲರೂ ಗಂಗೆಯ ದಡದಲ್ಲಿದ್ದಾರೆ. ಅವರ ಪುಟ ತೆರೆಯುವವರು ಎಲ್ಲೋ ದೂರದ ಹಾವೇರಿಯಲ್ಲೋ ಹೊಸಪೇಟೆಯಲ್ಲೋ ಮನೆಯ ಜಗುಲಿಯ ಮೇಲೆ ಕೂತಿರುತ್ತಾರೆ.

ಬರುವವರು ಯಾರು?

ಕನ್ನಡಿಗರಿಗೂ ಕಾಶಿಗೂ ಹಳೆಯ ನಂಟು. ಗೋದೌಲಿಯಾ ವೃತ್ತದಿಂದ ಸ್ವಲ್ಪ ನಡೆದರೆ ಜಂಗಮವಾಡಿ ಮಠ; ಹನುಮಾನ್ ಘಾಟ್ ಬದಿಯಲ್ಲಿ ಮೈಸೂರು ಸಂಸ್ಥಾನದ ಕಾಲದ ನೆನಪಿರುವ ಕರ್ನಾಟಕ ಘಾಟ್. 2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮದ ಕಾರಿಡಾರ್ ಉದ್ಘಾಟನೆಯಾಯಿತು. ಮರುವರ್ಷ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಕಾಶಿ ಯಾತ್ರೆಗೆ ಹೋಗಿಬರುವವರಿಗೆ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಸಹಾಯಧನ ಘೋಷಿಸಿದ್ದೂ ಅದೇ 2022ರಲ್ಲಿ. ಅದಕ್ಕೆ ಅರ್ಜಿ ಹಾಕುವುದೂ ಆನ್‌ಲೈನ್‌ನಲ್ಲೇ, ಸೇವಾ ಸಿಂಧುವಿನ ಮೂಲಕ.

ಹೀಗೆ ಹೊರಡುವವರಲ್ಲಿ ಅರವತ್ತು ದಾಟಿದವರು ಬಹಳ. ಫೋನು ಮಗ ಬಳಸಿ ಬಿಟ್ಟದ್ದು, ಪರದೆಗೆ ಒಂದೆರಡು ಬಿರುಕು, ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣದು. ಹಿಂದಿ ಅರ್ಥವಾಗುತ್ತದೆ, ಓದಲು ನಿಧಾನ. ಇಂಗ್ಲಿಷ್ ಬಟನ್ ಒತ್ತುವ ಮೊದಲು ‘ದುಡ್ಡು ಕಟ್ಟಾಗಿಬಿಟ್ಟರೆ?’ ಎಂಬ ಅಂಜಿಕೆ. ವಿನ್ಯಾಸಕಾರರು ಗಿರಾಕಿಯ ಜೊತೆಗಿನ ಮೊದಲ ಮಾತುಕತೆಯಲ್ಲೇ ಇಂಥ ಒಬ್ಬರನ್ನು ವಿವರವಾಗಿ ಬರೆದು ಮೇಜಿನ ಮೇಲೆ ಇಡಬೇಕು. ಮುಂದೆ ಯಾವ ಚರ್ಚೆ ಬಂದರೂ ‘ನಿಮಗೆ ಇಷ್ಟವೋ ನನಗೆ ಇಷ್ಟವೋ’ ಎಂಬ ಹಗ್ಗಜಗ್ಗಾಟ ನಿಂತು, ‘ಇವರಿಗೆ ಆಗುತ್ತದೋ ಇಲ್ಲವೋ’ ಎಂಬ ಪ್ರಶ್ನೆ ಶುರುವಾಗುತ್ತದೆ.

ತಿಂಗಳು ಒಂದೇ, ಲೆಕ್ಕ ಎರಡು

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಗಂಗಾತೀರದ ಒಂದು ಲಾಡ್ಜ್ ತನ್ನ ಪುಟದಲ್ಲಿ ‘ಶ್ರಾವಣದಲ್ಲಿ ಜನಜಂಗುಳಿ ಹೆಚ್ಚು, ದರವೂ ಹೆಚ್ಚು’ ಎಂದು ಬರೆಯುತ್ತದೆ. ಅನುವಾದದಲ್ಲಿ ದೋಷವಿಲ್ಲ. ಆದರೆ ಕಾಶಿಯಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮ್ಮಲ್ಲಿ ಅಮಾವಾಸ್ಯೆಗೆ. ಗುರುಪೂರ್ಣಿಮೆಯ ಮಾರನೆಯ ದಿನವೇ ಅವರಿಗೆ ಶ್ರಾವಣ. ನಮಗೆ ಭೀಮನ ಅಮಾವಾಸ್ಯೆ ಕಳೆಯಬೇಕು. 2025ರಲ್ಲಿ ಅಲ್ಲಿ ಶ್ರಾವಣ ಶುರುವಾದದ್ದು ಜುಲೈ 11ಕ್ಕೆ, ಇಲ್ಲಿ ಜುಲೈ 25ಕ್ಕೆ. ‘ಶ್ರಾವಣಕ್ಕೆ ಮೊದಲೇ ಹೋಗಿಬರೋಣ’ ಎಂದು ಜುಲೈ ನಡುವಿನಲ್ಲಿ ಹೊರಟ ಕನ್ನಡದ ಕುಟುಂಬ ಕಾವಡಿ ಯಾತ್ರಿಕರ ದಟ್ಟಣೆಯ ನಡುವೆಯೇ ಇಳಿಯುತ್ತದೆ. ತಿಂಗಳ ಹೆಸರಿನ ಜೊತೆ ತಾರೀಖನ್ನೂ ಹಾಕಿ ಎಂಬ ನಿಯಮ ಇಂಥಲ್ಲಿ ಬೆಲೆಬಾಳುತ್ತದೆ.

ಹೆಸರು ತುಂಬುವ ಜಾಗವೂ ಹೀಗೆಯೇ. ‘ಮೊದಲ ಹೆಸರು, ಕೊನೆಯ ಹೆಸರು’ ಎಂದು ಎರಡು ಕಡ್ಡಾಯ ಚೌಕಗಳನ್ನಿಟ್ಟರೆ ಇನಿಷಿಯಲ್‌ಗಳ ನಾಡಿನವರು ಏನು ಬರೆಯಬೇಕು? ಊರಿನ ಹೆಸರೋ ಅಪ್ಪನ ಹೆಸರೋ ಗೊತ್ತಾಗದೆ ಒಂದು ಚುಕ್ಕಿ ಇಡುತ್ತಾರೆ, ಫಾರ್ಮ್ ಒಪ್ಪುವುದಿಲ್ಲ. ಆಮೇಲೆ ಟಿಕೆಟ್ಟಿನ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದೆ ಬಾಗಿಲಲ್ಲಿ ವಾದ. ‘ಗುರುತಿನ ಚೀಟಿಯಲ್ಲಿ ಇರುವಂತೆ ಪೂರ್ತಿ ಹೆಸರು’ ಎಂಬ ಒಂದೇ ಚೌಕ ಈ ರಗಳೆಯನ್ನೆಲ್ಲ ಮುಗಿಸುತ್ತದೆ.

ಇನ್ನು ವಿಳಾಸ. ಬನಾರಸಿನ ಹಳೆಯ ಮೊಹಲ್ಲಾಗಳ ಮನೆ ಸಂಖ್ಯೆಯಲ್ಲಿ ಮೊದಲು ‘ಡಿ’, ‘ಬಿ’, ‘ಸಿಕೆ’ ಎಂಬಂಥ ಅಕ್ಷರ, ಆಮೇಲೆ ಒಂದು ಅಂಕಿ, ಒಂದು ಓರೆಗೆರೆ, ಇನ್ನೊಂದು ಅಂಕಿ ಬರುತ್ತವೆ. ಓರೆಗೆರೆಯನ್ನು ಒಪ್ಪದ ಫಾರ್ಮು ಆ ಊರಿನವರನ್ನೇ ಹೊರಗಿಡುತ್ತದೆ. ನಕಾಶೆಯ ಮೇಲೊಂದು ಚುಕ್ಕಿ ಇಟ್ಟುಬಿಟ್ಟರೆ ದಾರಿ ಹೇಳಿದಂತಾಗುವುದೂ ಇಲ್ಲ, ಯಾಕೆಂದರೆ ಗಲ್ಲಿಯೊಳಗೆ ಕಾರು ಬರುವುದಿಲ್ಲ. ಆಟೊ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ನಿಮಿಷದ ನಡಿಗೆ, ಮೆಟ್ಟಿಲು ಎಷ್ಟು, ಮಂಡಿನೋವಿನವರಿಗೆ ಬೇರೆ ದಾರಿ ಇದೆಯೇ ಎಂಬುದನ್ನು ಬರೆಯಬೇಕು. ರೈಲು ನಿಲ್ದಾಣಗಳೂ ಒಂದಲ್ಲ: ಕ್ಯಾಂಟ್ ಎಂದು ಜನ ಕರೆಯುವ ವಾರಾಣಸಿ ಜಂಕ್ಷನ್, 2021ರವರೆಗೆ ಮಂಡುವಾಡೀಹ್ ಆಗಿದ್ದ ಬನಾರಸ್, ವಾರಾಣಸಿ ಸಿಟಿ, ಕಾಶಿ, ಗಂಗೆಯ ಆಚೆಗೆ ಹಳೆಯ ಮೊಘಲ್‌ಸರಾಯ್ ಆದ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ಬೆಂಗಳೂರಿನಿಂದ ಸಂಘಮಿತ್ರ ರೈಲಿನಲ್ಲಿ ಬರುವವರು ಇಳಿಯುವುದು ಈ ಕೊನೆಯದರಲ್ಲಿ. ‘ನಿಲ್ದಾಣದಿಂದ 4 ಕಿ.ಮೀ.’ ಎಂದಷ್ಟೇ ಬರೆದ ಪುಟ ಅವರಿಗೆ ಸುಳ್ಳು ಹೇಳಿದಂತೆ.

ಫೋನ್ ಲಾಕರಿನಲ್ಲಿ, ಟಿಕೆಟ್ ಫೋನಿನಲ್ಲಿ

ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಒಯ್ಯುವಂತಿಲ್ಲ, ಲಾಕರಿನಲ್ಲಿ ಇಟ್ಟು ಹೋಗಬೇಕು. ಈ ಒಂದು ಸಂಗತಿ ಗೊತ್ತಿದ್ದ ವಿನ್ಯಾಸಕಾರರು ಟಿಕೆಟ್ ಪುಟವನ್ನು ಬೇರೆಯದೇ ರೀತಿ ಕಟ್ಟುತ್ತಾರೆ. ಹಿನ್ನೆಲೆಯ ಚಿತ್ರವಿಲ್ಲದೆ, ಕಪ್ಪು ಶಾಯಿಯಲ್ಲಿ, ಒಂದೇ ಹಾಳೆಗೆ ಮುಗಿಯುವಂತೆ ಮುದ್ರಣವಾಗಬೇಕು. ‘ಮುದ್ರಿಸಿ ತನ್ನಿ’ ಎಂಬ ಮಾತು ಹಣ ಕಟ್ಟಿದ ಕೂಡಲೇ ಕಣ್ಣಿಗೆ ಬೀಳಬೇಕು, ಕೊನೆಯಲ್ಲಿರುವ ಷರತ್ತುಗಳ ಕಾಡಿನಲ್ಲಿ ಅಲ್ಲ. ಕಚೇರಿಯ ದೊಡ್ಡ ಪರದೆಯ ಮುಂದೆ ಕೂತು ಒಪ್ಪಿಗೆ ಕೊಡುವ ಗಿರಾಕಿಗೆ ಇದು ಹೊಳೆಯುವುದು ಕಷ್ಟ. ಸ್ಥಳಕ್ಕೆ ಹೋಗಿ ಸಾಲಿನಲ್ಲಿ ನಿಂತು ನೋಡಿದವರಿಗೆ ತಾನಾಗಿ ಹೊಳೆಯುತ್ತದೆ.

ವೇಗದ ವಿಷಯವೂ ಸ್ಥಳದ್ದೇ. ಎರಡೂ ಕಡೆ ಮೂರು ಮಹಡಿಯ ಗೋಡೆ ಇರುವ ಗಲ್ಲಿಯಲ್ಲಿ ಸಿಗ್ನಲ್ ಬಂದುಹೋಗುತ್ತಿರುತ್ತದೆ. ಕನ್ನಡದ ಒಂದು ಪುಟದ ಬರಹವೆಲ್ಲ ಸೇರಿ ಹತ್ತಾರು ಕಿಲೋಬೈಟ್ ಆಗಬಹುದು. ಕುಗ್ಗಿಸದೆ ಹಾಗೇ ಹಾಕಿದ ದಶಾಶ್ವಮೇಧ ಘಾಟಿನ ಒಂದು ಫೋಟೊ ಹಲವು ಮೆಗಾಬೈಟ್. ಪುಟದ ಮುಖ್ಯಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಬೆರಳಿಟ್ಟಾಗ ಪುಟ ಸ್ಪಂದಿಸಲು 200 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದನ್ನು 2024ರ ಮಾರ್ಚ್‌ನಿಂದ ಅದರ ಜೊತೆ ಸೇರಿಸಿದ್ದಾರೆ. ಓಡುವ ಐದು ಚಿತ್ರಗಳನ್ನು ಬಿಡಿಸುವುದಕ್ಕೆ ಗಿರಾಕಿಯ ಮುಂದೆ ವಾದ ಮಾಡಬೇಕಿಲ್ಲ. ಅವರ ಫೋನಿನಲ್ಲಿ ವೈಫೈ ಆರಿಸಿ, ಗಲ್ಲಿಯ ನಡುವೆ ನಿಲ್ಲಿಸಿ, ಅವರದೇ ಪುಟ ತೆರೆಯಲು ಹೇಳಿದರಾಯಿತು.

ದೋಣಿಯವರ ಸಂಕಟ ಇನ್ನೊಂದು ಬಗೆ. ಮಳೆಗಾಲದಲ್ಲಿ ಗಂಗೆ ಏರಿದಾಗ ದೋಣಿ ಸಂಚಾರವನ್ನು ಆಡಳಿತ ನಿಲ್ಲಿಸುತ್ತದೆ. ವಾರಾಣಸಿಯಲ್ಲಿ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. ಘಾಟಿನಿಂದ ಘಾಟಿಗೆ ನಡೆದುಹೋಗುವ ದಾರಿ ಮುಳುಗುತ್ತದೆ, ಸಂಜೆಯ ಗಂಗಾ ಆರತಿಯೂ ಮೇಲಕ್ಕೆ ಸರಿಯುತ್ತದೆ. ಅಂಥ ದಿನ ವೆಬ್‌ಸೈಟ್ ಮಾತ್ರ ‘ಸೂರ್ಯೋದಯದ ವಿಹಾರಕ್ಕೆ ಈಗಲೇ ಬುಕ್ ಮಾಡಿ’ ಎನ್ನುತ್ತಿದ್ದರೆ ಮರ್ಯಾದೆ ಹೋಗುವುದು ದೋಣಿಯವರದ್ದು. ಪುಟದ ನೆತ್ತಿಯ ಮೇಲೆ ಒಂದು ಸಾಲಿಗೆ ಜಾಗ ಇಟ್ಟು, ‘ಇಂದು ದೋಣಿ ಇಲ್ಲ’ ಎಂದು ಅವರೇ ತಮ್ಮ ಫೋನಿನಿಂದ ಬದಲಿಸುವಂತೆ ಮಾಡಿಕೊಡಬೇಕು. ಬುಕಿಂಗ್ ಬಟನ್ ಅದರ ಜೊತೆಗೇ ಮುಚ್ಚಿಕೊಳ್ಳಬೇಕು. ವಿನ್ಯಾಸಕಾರರಿಗೆ ಫೋನ್ ಮಾಡಿ, ಅವರು ಬಿಡುವಾದಾಗ ಬದಲಿಸುವ ಹೊತ್ತಿಗೆ ನೀರು ಇಳಿದಿರುತ್ತದೆ.

ಕನ್ನಡ ಎಂದರೆ ಕೊನೆಗೆ ಅಂಟಿಸುವುದೇ?

ಕನ್ನಡದ ಯಾತ್ರಿಕರು ಬೇಕು ಎನ್ನುವ ಕಾಶಿಯ ವ್ಯಾಪಾರಿ ‘ಕನ್ನಡ ಪುಟವನ್ನೂ ಹಾಕಿ’ ಎನ್ನುತ್ತಾರೆ. ವಿನ್ಯಾಸಕಾರರು ಪುಟವನ್ನೆಲ್ಲ ಇಂಗ್ಲಿಷಿನಲ್ಲಿ ಹೊಂದಿಸಿ ಮುಗಿಸಿ, ಕಡೆಗೆ ಯಂತ್ರಾನುವಾದದ ಕನ್ನಡವನ್ನು ಸುರಿಯುತ್ತಾರೆ. ಆಗ ಪುಟ ಎಲ್ಲೆಲ್ಲಿ ಒಡೆಯುತ್ತದೆ ನೋಡಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮ್ಮ ಒತ್ತಕ್ಷರಕ್ಕೆ ಸಾಲದು. ‘ವಿಶ್ವನಾಥ’ದ ವ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷಿನ ನಾಲ್ಕಕ್ಷರದ ‘ಬುಕ್’ ಇದ್ದ ಬಟನ್‌ನಲ್ಲಿ ‘ಮುಂಗಡವಾಗಿ ಕಾಯ್ದಿರಿಸಿಕೊಳ್ಳಿ’ ತೂರುವುದಿಲ್ಲ, ಅರ್ಧದಲ್ಲಿ ಕತ್ತರಿಸಿಹೋಗುತ್ತದೆ. ಶೋಭೆಗೆಂದು ಅಕ್ಷರಗಳ ನಡುವೆ ಅಂತರ ಕೊಟ್ಟರೆ ಕನ್ನಡದ ಪದ ಚದುರಿ ಓದಲು ಬಾರದಂತಾಗುತ್ತದೆ. ಆದ್ದರಿಂದ ಮೊದಲ ಕರಡನ್ನೇ ಕನ್ನಡದ ಉದ್ದನೆಯ ಪದಗಳಿಟ್ಟು ಹೊಂದಿಸುವುದು ಜಾಣತನ. ಕನ್ನಡ ಹಿಡಿಸಿದ ಬಟನ್‌ನಲ್ಲಿ ಇಂಗ್ಲಿಷ್ ಹೇಗೂ ಹಿಡಿಸುತ್ತದೆ.

ಅಕ್ಷರಗಳೆಲ್ಲ ಯೂನಿಕೋಡ್‌ನಲ್ಲಿ ಇರಬೇಕೆಂಬುದನ್ನು ಇನ್ನೂ ಹೇಳಬೇಕಾಗಿರುವುದು ಬೇಸರದ ಸಂಗತಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಜಾಗವಿತ್ತು. ಆದರೂ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹವನ್ನು ಫೋಟೊ ಮಾಡಿಯೋ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೋ ಏರಿಸುವ ರೂಢಿ ಹೋಗಿಲ್ಲ. ಅದು ಹುಡುಕಿದರೆ ಸಿಗದು, ದೊಡ್ಡದು ಮಾಡಿದರೆ ಮಸುಕು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಖಾಲಿ ಚಿತ್ರ.

ಕಣ್ಣಿನ ಮಾತು ಬಂದಾಗ ಬಣ್ಣದ ಜಗಳವೂ ಬರುತ್ತದೆ. ಕಾಶಿ ಎಂದಮೇಲೆ ಗಿರಾಕಿಗೆ ಕೇಸರಿಯೇ ಬೇಕು. ತಿಳಿ ಕೇಸರಿಯ ಮೇಲೆ ಬಿಳಿ ಅಕ್ಷರ ಬರೆದರೆ ಎರಡರ ಹೊಳಪಿನ ಅನುಪಾತ ಎರಡರ ಆಸುಪಾಸು. ಅಂತರರಾಷ್ಟ್ರೀಯವಾಗಿ ಒಪ್ಪಿರುವ ಸುಗಮ್ಯತೆಯ ಮಾರ್ಗಸೂಚಿ ಕೇಳುವುದು ಮಾಮೂಲಿ ಗಾತ್ರದ ಬರಹಕ್ಕೆ ಕನಿಷ್ಠ ನಾಲ್ಕೂವರೆ. ಕೇಸರಿಯನ್ನು ಬಿಡಬೇಕಿಲ್ಲ. ಅದನ್ನು ಅಂಚಿಗೆ, ಪಟ್ಟಿಗೆ ಇಟ್ಟುಕೊಂಡು ಬರಹಕ್ಕೆ ಕುಂಕುಮದ ಕಡುಗೆಂಪು ಬಳಸಿದರೆ ಬಿಳಿಯ ಮೇಲೆ ಅನುಪಾತ ಹತ್ತು ದಾಟುತ್ತದೆ. ದೇವಸ್ಥಾನದ ಕಳೆಯೂ ಉಳಿಯುತ್ತದೆ, ಅಜ್ಜಿಗೂ ಓದಲು ಬರುತ್ತದೆ. ಸರ್ಕಾರಿ ಜಾಲತಾಣಗಳಿಗೆ ಇಂಥ ನಿಯಮಗಳು 2009ರಿಂದ ಇವೆ, ಮೂರನೆಯ ಆವೃತ್ತಿ 2023ರಲ್ಲಿ ಬಂತು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಜೋಡಿಸಿತು. ಕಣ್ಣು ಮಿಟುಕಿಸಿ ಗುರುತು ಸಾಬೀತು ಮಾಡಿ ಎನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಆಸಿಡ್ ದಾಳಿಗೆ ತುತ್ತಾದವರು, ದೃಷ್ಟಿ ಇಲ್ಲದವರು ಸೋತು ನ್ಯಾಯಾಲಯಕ್ಕೆ ಹೋಗಿದ್ದ ಪ್ರಕರಣ ಅದು.

ನೇಯುವ ಮೊದಲು ನಕ್ಷೆ

ಗಿರಾಕಿಯ ಒಪ್ಪಿಗೆ ಯಾವಾಗ ಪಡೆಯಬೇಕು ಎಂಬುದಕ್ಕೆ ಬನಾರಸಿನಲ್ಲೇ ಒಳ್ಳೆಯ ರೂಢಿ ಇದೆ. ಮದನ್‌ಪುರ, ಅಲಯಿಪುರದ ಮಗ್ಗಗಳಲ್ಲಿ ಹೊಸ ವಿನ್ಯಾಸದ ಸೀರೆ ಏರುವ ಮೊದಲು ನಕ್ಷಾಬಂದ್ ಕೂತು ಬಳ್ಳಿ, ಬುಟ್ಟಾಗಳನ್ನು ಕಾಗದದ ಮೇಲೆ ಬಿಡಿಸುತ್ತಾನೆ. ಅದನ್ನು ಚೌಕಳಿ ಹಾಳೆಗೆ ಇಳಿಸಿ ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತಾನೆ. ಒಂದೊಂದು ಚೌಕವೂ ಹಾಸು ಹೊಕ್ಕು ಸಂಧಿಸುವ ಜಾಗದ ಲೆಕ್ಕ. ಈಗ ಈ ಕೆಲಸ ಬಹಳಷ್ಟು ಕಂಪ್ಯೂಟರಿನಲ್ಲಿ ಆಗುತ್ತದೆ. ಗದ್ದಿಯ ಮೇಲೆ ಕೂತ ವ್ಯಾಪಾರಿ ತಗಾದೆ ತೆಗೆಯುವುದು ಆ ಹಾಳೆಯ ಹಂತದಲ್ಲಿ. ವಿನ್ಯಾಸವನ್ನು ಮಗ್ಗಕ್ಕೆ ತಿಳಿಸುವ ರಂಧ್ರದ ಪಟ್ಟಿಗಳು ಸಿದ್ಧವಾಗಿ, ನೂಲು ಮಗ್ಗಕ್ಕೆ ಏರಿದ ಮೇಲೆ ‘ಮಾವಿನಕಾಯಿ ಸ್ವಲ್ಪ ಎಡಕ್ಕಿರಲಿ’ ಎಂದು ಯಾರೂ ಹೇಳುವುದಿಲ್ಲ. ವೆಬ್‌ಸೈಟಿನಲ್ಲೂ ಬಣ್ಣ, ಚಿತ್ರ ಯಾವುದೂ ಇಲ್ಲದ ಬರಿಯ ಗೆರೆಗಳ ಕರಡಿಗೆ ಮೊದಲು ಸಹಿ ಹಾಕಿಸಿಕೊಳ್ಳಬೇಕು. ಬಣ್ಣ ಕಂಡ ಕೂಡಲೇ ಜನ ಬಣ್ಣದ ಬಗ್ಗೆಯೇ ಮಾತಾಡುತ್ತಾರೆ, ಫಾರ್ಮಿನಲ್ಲಿ ಎಷ್ಟು ಪ್ರಶ್ನೆ ಬೇಕು ಎಂಬ ಮಾತು ಅಲ್ಲೇ ಸತ್ತುಹೋಗುತ್ತದೆ.

ಸೀರೆ ಮಾರುವ ಪುಟವನ್ನೇ ಕಟ್ಟುವುದಾದರೆ ಕೊಳ್ಳುವವರ ಕೈ ಏನು ಮಾಡುತ್ತದೆ ಎಂದು ನೋಡಿ. ನಮ್ಮ ಹೆಂಗಸರು ಸೀರೆ ಕೈಗೆ ಬಂದ ತಕ್ಷಣ ಮಾಡುವ ಮೊದಲ ಕೆಲಸ ಸೆರಗನ್ನು ತಿರುವಿ ಹಿಂಬದಿ ನೋಡುವುದು. ಬನಾರಸಿಯಲ್ಲಿ ಅಸಲಿ ಸಂಗತಿ ಇರುವುದೂ ಹಿಂಬದಿಯಲ್ಲೇ. ಕಢುಆ ನೇಯ್ಗೆಯಲ್ಲಿ ಒಂದೊಂದು ಬುಟ್ಟಾವನ್ನೂ ಬೇರೆ ಬೇರೆಯಾಗಿ ನೇಯುವುದರಿಂದ ಹಿಂದೆ ಜೋತಾಡುವ ಎಳೆ ಇರದು. ಫೇಕುಆದಲ್ಲಿ ಎಳೆ ಅಂಚಿನಿಂದ ಅಂಚಿಗೆ ಓಡುತ್ತದೆ, ಆಮೇಲೆ ಕತ್ತರಿಸಬೇಕು. ಬೆಲೆಯ ವ್ಯತ್ಯಾಸಕ್ಕೆ ಇದೊಂದು ದೊಡ್ಡ ಕಾರಣ. ಆದರೆ ರೂಪದರ್ಶಿ ಉಟ್ಟು ನಿಂತ ಎಂಟು ಫೋಟೊ ಹಾಕುವ ಪುಟಗಳಲ್ಲಿ ಹಿಂಬದಿಯ ಒಂದು ಫೋಟೊ ಇರುವುದು ಅಪರೂಪ. ಅದನ್ನು ಹಾಕಿ, ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆಯೇ, 2009ರಲ್ಲಿ ಸಿಕ್ಕ ಬನಾರಸಿ ಭೌಗೋಳಿಕ ಸೂಚಿಯ ಗುರುತು ಇದೆಯೇ, ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆದರೆ ವಿಶ್ವಾಸ ಹುಟ್ಟಿಸಲು ಬೇರೆ ಹೊಗಳಿಕೆ ಬೇಡ. ಬನಾರಸಿನ ಮಗ್ಗಗಳಿಗೆ ಕರ್ನಾಟಕದ ರೇಷ್ಮೆ ನೂಲೂ ಹೋಗುತ್ತದೆ. ಕನ್ನಡ ಪುಟದಲ್ಲಿ ಆ ಸಾಲು ಇದ್ದರೆ ಓದುವವರಿಗೆ ಸಂತೋಷವೇ.

ಒತ್ತಡದ ಬಟನ್‌ಗಳು

ಕೆಲವೊಮ್ಮೆ ಗಿರಾಕಿ ಕೇಳುವುದು ಅಂದಗೆಟ್ಟದ್ದಲ್ಲ, ತಪ್ಪಾದದ್ದು. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ದೋಣಿಗಳ ದರ ಮುಗಿಲಿಗೆ ಏರುತ್ತದೆ. ಆಗ ‘ಇನ್ನು 2 ದೋಣಿ ಮಾತ್ರ ಉಳಿದಿವೆ’ ಎಂದು ಸುಮ್ಮನೆ ಮಿನುಗಿಸಿ, ಕಡಿಮೆ ದರ ತೋರಿಸಿ ಕೊನೆಯ ಹಂತದಲ್ಲಿ ಹೂವು, ದೀಪ, ನಿರ್ವಹಣೆ ಎಂದು ಸೇರಿಸಿ ಎನ್ನುವವರಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮರೆಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವುದು, ಕಂತು ಕಂತಾಗಿ ಬೆಲೆ ಬಿಚ್ಚುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ‘ಆಗುವುದಿಲ್ಲ ಸ್ವಾಮಿ’ ಎನ್ನಲು ವಿನ್ಯಾಸಕಾರರಿಗೆ ಈಗ ಕಾಯಿದೆಯ ಬಲವಿದೆ. ಪೂಜೆ ಬುಕ್ ಮಾಡುವ ಪುಟ ಸಂಕಲ್ಪಕ್ಕೆ ಗೋತ್ರ, ನಕ್ಷತ್ರ ಕೇಳಲಿ. ಪೂಜೆಗೆ ಆಧಾರಿನ ಫೋಟೊ ಏಕೆ ಬೇಕು ಎಂದು ಪುರೋಹಿತರನ್ನು ಕೇಳುವುದೂ ವಿನ್ಯಾಸಕಾರರ ಕೆಲಸವೇ. ಬೇಡದ ಮಾಹಿತಿ ತೆಗೆದುಕೊಳ್ಳಬೇಡಿ ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳು.

ಕೀಲಿ ಮತ್ತು ಕೊನೆಯ ಕಂತು

ಎದುರಿಗಿಲ್ಲದವರ ಪರ ಮಾತಾಡುವುದೆಂದರೆ ಎದುರಿಗಿರುವವರನ್ನು ಕೈಬಿಡುವುದಲ್ಲ. ಡೊಮೈನ್ ಗಿರಾಕಿಯ ಹೆಸರಿನಲ್ಲೇ ನೋಂದಣಿಯಾಗಬೇಕು, ಪಾಸ್‌ವರ್ಡ್‌ಗಳು ಬರಹದಲ್ಲಿ ಅವರ ಕೈ ಸೇರಬೇಕು, ನವೀಕರಣದ ತಾರೀಖು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಇರಬೇಕು. ಮಾಡಿಕೊಟ್ಟ ಹುಡುಗ ಬೆಂಗಳೂರಿಗೋ ದುಬೈಗೋ ಹೋದನೆಂದು ಹತ್ತು ವರ್ಷದ ವಿಳಾಸ ಪರರ ಪಾಲಾಗಬಾರದು. ಯಾತ್ರಾಸ್ಥಳಗಳ ಹೆಸರಿನಲ್ಲಿ ನಕಲಿ ಬುಕಿಂಗ್ ತಾಣಗಳು ಹುಟ್ಟಿಕೊಳ್ಳುವ ಈ ಕಾಲದಲ್ಲಿ, ಕೈಬಿಟ್ಟ ವಿಳಾಸವೆಂದರೆ ಮೋಸಗಾರರಿಗೆ ಬೀಗವಿಲ್ಲದ ಅಂಗಡಿ ಸಿಕ್ಕಂತೆ.

ಇನ್ನು ಕೆಲಸ ಚೆನ್ನಾಗಿ ಆಗಿದೆಯೇ ಎಂದು ತೀರ್ಮಾನಿಸುವುದು ಹೇಗೆ? ಐವರು ಬಳಕೆದಾರರನ್ನು ಕೂರಿಸಿ ನೋಡಿದರೆ ಬಹುಪಾಲು ತೊಡಕು ಹೊರಬೀಳುತ್ತದೆ ಎಂದು ಬಳಕೆ ಸುಲಭತೆಯ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಕಾಶಿಗೆ ಹೊರಟ ಐವರು ಹಿರಿಯರ ಕೈಗೆ ಅವರದೇ ಫೋನ್ ಕೊಟ್ಟು ‘ಎರಡು ರಾತ್ರಿಗೆ ಕೋಣೆ ಹಿಡಿಯಿರಿ’ ಎನ್ನಬೇಕು. ಆಮೇಲೆ ತುಟಿ ಪಿಟಕ್ಕೆನ್ನದೆ ಕೂರಬೇಕು, ಅದು ಕಷ್ಟದ ಭಾಗ. ಬೆರಳು ಎಲ್ಲಿ ಅಂಜಿ ನಿಂತಿತು, ಎಲ್ಲಿ ಹಿಂದಕ್ಕೆ ಹೋಯಿತು, ‘ತಂಗೀ, ಇದೇನು ಕೇಳ್ತಿದೆ ನೋಡೇ’ ಎಂದು ಫೋನು ಎಲ್ಲಿ ಕೈ ಬದಲಾಯಿಸಿತು ಎಂದು ಗುರುತು ಹಾಕಿಕೊಂಡರೆ ತಿದ್ದುಪಡಿಯ ಪಟ್ಟಿ ಸಿದ್ಧ.

ಒಪ್ಪಂದದ ಪತ್ರದಲ್ಲಿ ಈಗ ಸಾಮಾನ್ಯವಾಗಿ ಮೂರು ಕಂತು ಇರುತ್ತವೆ: ಮುಂಗಡ, ಕರಡು ಒಪ್ಪಿದ ಮೇಲೆ, ತಾಣ ಲೋಕಕ್ಕೆ ತೆರೆದ ಮೇಲೆ. ಮೂರಕ್ಕೂ ಗಿರಾಕಿಯ ಮೆಚ್ಚುಗೆಯೊಂದೇ ಅಳತೆ. ಕೊನೆಯ ಕಂತಿಗೆ ಇನ್ನೊಂದು ಷರತ್ತು ಸೇರಲಿ. ಐವರು ಹೊರಗಿನವರಲ್ಲಿ ನಾಲ್ವರಾದರೂ ಯಾರ ಸಹಾಯವೂ ಇಲ್ಲದೆ ಕೆಲಸ ಮುಗಿಸಿದರೆ ಮಾತ್ರ ಆ ಹಣ ಬಿಡುಗಡೆಯಾಗಲಿ. ಈ ಷರತ್ತನ್ನು ವಿನ್ಯಾಸಕಾರರೇ ಮೊದಲು ಮುಂದಿಡುವುದು ಒಳ್ಳೆಯದು. ಲೋಗೋ ದೊಡ್ಡದಾಗಲಿ ಎಂಬ ಮಾತಿಗೆ ಆಗ ಇಬ್ಬರೂ ಸೇರಿ ಒಂದೇ ಕಡೆಯಿಂದ ಉತ್ತರ ಹುಡುಕುತ್ತಾರೆ.